ಎಂಬತ್ತಮೂರನೇ ಮರ ಮತ್ತು ನಿನ್ನ ಗ್ರಿಡ್ಡು

ಶನಿವಾರಸಂತೆ
9 ಜೂನ್ 2024, ಭಾನುವಾರ

ಚಿ. ಸೌ. ಅಮೃತಾಳಿಗೆ,

ನಿನ್ನ ಅಮ್ಮನ ಆಶೀರ್ವಾದ. ಕೋಪ ಬಂದರೆ ಆಶೀರ್ವಾದವನ್ನೂ ತಡೆಹಿಡಿಯುವ ಜನರಿದ್ದಾರೆ. ನಾನು ಅಂಥವಳಲ್ಲ. ಅದು ಬೇರೆ, ಕೋಪ ಬೇರೆ.

ನಾಲ್ಕು ವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ನಿನ್ನ ಗಂಡ ನಾಗಾರ್ಜುನ ಎತ್ತುತ್ತಾನೆ. ಎತ್ತಿದವನು, ‘ಅತ್ತೆ, ಅಮೃತಾ ಸ್ನಾನಕ್ಕೆ ಹೋಗಿದಾಳೆ’ ಅನ್ನುತ್ತಾನೆ. ಬೆಳಿಗ್ಗೆ ಮಾಡಿದರೂ ಸ್ನಾನ, ಮಧ್ಯಾಹ್ನ ಮಾಡಿದರೂ ಸ್ನಾನ. ಕುಶಾಲನಗರದಲ್ಲಿ ಕಾವೇರಿ ನಿಮ್ಮ ಮನೆಯೊಳಗೇ ಹರಿಯುತ್ತಿದ್ದಾಳೋ ಹೇಗೆ? ಸುಳ್ಳು ಹೇಳಲು ಬಾರದ ಗಂಡಸನ್ನು ಸುಳ್ಳಿಗೆ ನಿಲ್ಲಿಸಬೇಡ, ನೋಡುವವರಿಗೆ ಅಯ್ಯೋ ಅನ್ನಿಸುತ್ತದೆ. ಅದಕ್ಕೇ ಈ ಪತ್ರ. ಪೋಸ್ಟ್‌ಮ್ಯಾನ್ ಬಾಗಿಲಿಗೆ ತಂದು ಕೊಡುತ್ತಾನೆ, ಅವನಿಗೆ ಸ್ನಾನದ ಕಥೆ ನಡೆಯುವುದಿಲ್ಲ.

ಮೊನ್ನೆ ಅವನ ಬಾಯಿಂದಲೇ ಒಂದು ನಿಜವೂ ಜಾರಿತು. ನೀನು ಅಂಗಡಿಯ ಬೋರ್ಡು ಇಳಿಸಿದ್ದೀಯಂತೆ. ಬೆಳೆಗಾರರಿಗೆ ಪ್ರೋಗ್ರಾಮ್ ಬರೆಯುವುದನ್ನು ಬಿಟ್ಟು, ಮಡಿಕೇರಿಯ ಯಾವುದೋ ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೂರಲು ಅರ್ಜಿ ಹಾಕಿದ್ದೀಯಂತೆ. ಮಂಜು ನೋಡಲು ಬಂದವರಿಗೆ ಬೀಗದ ಕೈ ಕೊಡುವ ಕೆಲಸ. ಮಂಜು ಇಲ್ಲದ ದಿನ ಅವರ ಬೈಗುಳ ಕೇಳುವ ಕೆಲಸ. ಹನ್ನೊಂದು ವರ್ಷ ಕಷ್ಟಪಟ್ಟು ಕಲಿತದ್ದನ್ನು ಹೀಗೆ ಮಡಚಿ ಅಟ್ಟಕ್ಕೆ ಎಸೆಯುವಂಥದ್ದು ಏನಾಯಿತು? ಸಂಘದ ಒಂದು ಸಭೆಯಲ್ಲಿ ಹತ್ತೊಂಬತ್ತು ಬೆಳೆಗಾರರು ‘ಈ ಪ್ರೋಗ್ರಾಮು ನಮಗೆ ಬೇಡ’ ಅಂದರು. ಅಷ್ಟೇ ತಾನೆ? ಆ ಹತ್ತೊಂಬತ್ತು ಜನರೂ ನನಗೆ ಗೊತ್ತು. ನಿಮ್ಮ ತೋಟದಲ್ಲಿ ಎಷ್ಟು ಮರ ಇವೆ ಎಂದು ಕೇಳಿದರೆ, ‘ಇರ್ಬೋದು ಒಂದಷ್ಟು’ ಅನ್ನುವ ಜನ. ಅವರ ‘ಬೇಡ’ಕ್ಕೆ ಬೋರ್ಡು ಇಳಿಸಿದವಳು ನನ್ನ ಮಗಳು ಎಂದು ಹೇಳಿಕೊಳ್ಳಲು ನನಗೇ ನಾಚಿಕೆ.

ಆ ಸಭೆಯಲ್ಲಿ ಮೊದಲು ಎದ್ದು ಮಾತಾಡಿದವಳು ನೀನೇ ಅಲ್ಲವೇ ಅಮ್ಮ ಎಂದು ನೀನು ಮನಸ್ಸಿನಲ್ಲಿ ಅಂದುಕೊಳ್ಳುತ್ತೀಯ. ಹೌದು, ನಾನೇ. ಆ ವಿಷಯಕ್ಕೆ ಬರುತ್ತೇನೆ. ನನ್ನ ಪತ್ರವನ್ನು ನನ್ನ ಕ್ರಮದಲ್ಲಿ ಬರೆಯಲು ಬಿಡು.

ಎರಡು ವರ್ಷದ ಹಿಂದೆ ನೀನು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ವರಾಂಡದಲ್ಲಿ ಕೂತೆ. ನಿನ್ನ ಅಪ್ಪ ಹೋದ ಮೇಲೆ ಈ ಕಾಫಿ ತೋಟವನ್ನು ನಾನು ಒಂದು ಉದ್ದನೆಯ ಪುಸ್ತಕ ಇಟ್ಟುಕೊಂಡು ನಡೆಸಿದವಳು. ಆರುನೂರ ಹನ್ನೆರಡು ನೆರಳಿನ ಮರ. ಪ್ರತಿ ಮರಕ್ಕೂ ತಗಡಿನ ನಂಬರ್. ಯಾವ ಜಾತಿ, ಸುತ್ತಳತೆ ಎಷ್ಟು, ಮೆಣಸಿನ ಬಳ್ಳಿ ಇದೆಯೋ ಇಲ್ಲವೋ, ಎಲ್ಲ ಆ ಪುಸ್ತಕದಲ್ಲಿ. ನೀನು, ‘ಅಮ್ಮ, ಪುಸ್ತಕ ಹುಳ ತಿಂತಿದೆ’ ಅಂದೆ. ಹುಳ ತಿಂದದ್ದು ರಟ್ಟನ್ನು ಮಾತ್ರ ಅಂದೆ ನಾನು. ಆದರೂ ಮೂರು ದಿನ ಕೂತು ನಾನು ಹೇಳುತ್ತಾ ಹೋದೆ, ನೀನು ಕುಟ್ಟುತ್ತಾ ಹೋದೆ. ಇಲ್ಲಿ ಮಳೆ ಬಂದರೆ ನೆಟ್‌ವರ್ಕ್ ಇರುವುದಿಲ್ಲ, ಮಳೆ ನಿಂತರೆ ಕರೆಂಟ್ ಇರುವುದಿಲ್ಲ, ಆದ್ದರಿಂದ ಇಂಟರ್ನೆಟ್ ಇಲ್ಲದೆ ಈ ಪೆಟ್ಟಿಗೆಯೊಳಗೇ ನಡೆಯುವ ಪ್ರೋಗ್ರಾಮ್ ಬರೆದಿದ್ದೀನಿ ಅಂದೆ ನೀನು. ಅದೊಂದು ಬುದ್ಧಿವಂತಿಕೆಯ ಮಾತು. ಒಪ್ಪಿಕೊಂಡೆ.

ಆಮೇಲೆ ನೀನು ಅದರ ಒಳಗುಟ್ಟು ವಿವರಿಸಿದೆ. ಫೈಲಿನಿಂದ ಓದಿದ ಮರಗಳೆಲ್ಲ ಮೆಮೊರಿಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುತ್ತವೆ, ಆ ಸಾಲಿಗೆ ಅರೇ ಎಂದು ಹೆಸರು. ತೆರೆಯ ಮೇಲೆ ಕಾಣುವ ಚೌಕಳಿ ಚೌಕಳಿಯ ಹಾಳೆಗೆ ಗ್ರಿಡ್ಡು. ಗ್ರಿಡ್ಡಿಗೆ ಸ್ವಂತದ್ದು ಅಂತ ಏನೂ ಇಲ್ಲ. ಸಾಲನ್ನು ಅದಕ್ಕೆ ಕಟ್ಟಿದರೆ ತೋರಿಸುತ್ತದೆ, ಬಿಚ್ಚಿದರೆ ಖಾಲಿ. ಸ್ವಂತದ್ದು ಏನೂ ಇಲ್ಲದೆ ಎಲ್ಲವೂ ತನ್ನದೇ ಎಂಬಂತೆ ಮುಂದೆ ಬಂದು ನಿಲ್ಲುವುದು ನಮ್ಮ ಸಂಘದ ಅಧ್ಯಕ್ಷ ಸಿದ್ದಬಸಪ್ಪನೂ ಮಾಡುತ್ತಾನೆ, ಅದಕ್ಕೆ ಕಂಪ್ಯೂಟರ್ ಯಾಕೆ ಎಂದು ಕೇಳಿದೆ. ನೀನು ನಕ್ಕೆ. ಆಮೇಲೆ ಆ ಸಾಲಿನಲ್ಲಿ ಮೊದಲನೆಯ ಮರವನ್ನು ಸೊನ್ನೆಯಿಂದ ಎಣಿಸುತ್ತಾರೆ ಅಂದೆ. ಆಗ ನಾನು ನಕ್ಕೆ. ಮೊದಲ ಮಗುವನ್ನು ಸೊನ್ನೆಯನೇ ಮಗು ಅನ್ನುವ ಜನರ ಕೈಗೆ ನನ್ನ ತೋಟ ಹೋಯಿತಲ್ಲ ಅಂದೆ. ಅಷ್ಟಾದರೂ ಆ ಪೆಟ್ಟಿಗೆ ವರಾಂಡದ ಮೇಜಿನ ಮೇಲೆ ಉಳಿಯಿತು. ಬಂದವರು ಹೋದವರು ನೋಡಿದರು. ಇದೇನು ಎಂದು ಕೇಳಿದವರಿಗೆ ನಾನು ಹೇಳಿದೆ. ಕೇಳದವರಿಗೂ ಒಂದಿಬ್ಬರಿಗೆ ಹೇಳಿರಬಹುದು.

ಇನ್ನು ಆ ಮರದ ವಿಷಯ.

ಎಂಬತ್ತಮೂರನೇ ನಂಬರಿನ ಸಿಲ್ವರ್ ಓಕ್ ಮರ ಕೆಳಗಿನ ಬ್ಲಾಕಿನಲ್ಲಿ, ನೀರಿನ ತೋಡಿನ ಪಕ್ಕ. ಮರಕ್ಕೆ ಬೆಲೆ ಇಲ್ಲ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಇತ್ತು. ಗುಡ್ಡ ಕುಸಿದ ವರ್ಷದ ಮಳೆಗೆ ಆ ಇಳಿಜಾರಿನ ಬಳ್ಳಿಗಳೆಲ್ಲ ಹಳದಿ ತಿರುಗಿ ಸೊರಗಿ ಬಿದ್ದವು. ಇದೊಂದು ಎಲೆ ಉದುರಿಸಲಿಲ್ಲ. ಮರುವರ್ಷವೂ ಉದುರಿಸಲಿಲ್ಲ. ಅಧಿಕಾರಿಗಳು ಬಂದು ಫೋಟೋ ತೆಗೆದುಕೊಂಡು ಹೋದರು. ಸಿದ್ದಬಸಪ್ಪ ಎರಡು ಸಲ ಬಂದು, ‘ಅಕ್ಕಾ, ಒಂದೇ ಒಂದ್ ತುಂಡು’ ಎಂದು ಕೇಳಿದ. ಕೊಡಲಿಲ್ಲ. ತನ್ನ ತೋಟದ ಬಳ್ಳಿಗಳನ್ನು ಉಳಿಸಿಕೊಳ್ಳಲಾರದವನಿಗೆ ನನ್ನದನ್ನು ಕೊಟ್ಟು ಸಾಯಿಸುವುದೇಕೆ? ನೀನೂ ಒಮ್ಮೆ ಅಂದೆ, ನಾಲ್ಕು ಮನೆಗೆ ಕೊಟ್ಟಿರು ಅಮ್ಮ, ಒಂದು ಕಡೆ ಹೋದರೂ ಇನ್ನೊಂದು ಕಡೆ ಇರುತ್ತೆ ಎಂದು. ನಾನು ನಿನಗೆ ಕಂಪ್ಯೂಟರ್ ಹೇಳಿಕೊಡುತ್ತೇನೆಯೇ, ನೀನು ನನಗೆ ಮೆಣಸು ಹೇಳಿಕೊಡಬೇಡ ಅಂದೆ.

ಈ ಸಲ ಏಪ್ರಿಲಿನಲ್ಲಿ ನೆರಳು ಜಾಸ್ತಿಯಾಯಿತು ಎಂದು ಆರು ಸಿಲ್ವರ್ ಮರ ತೆಗೆಸಲು ನಿಶ್ಚಯ ಮಾಡಿದೆ. ನಿನ್ನ ಪ್ರೋಗ್ರಾಮ್ ತೆರೆದು, ದಪ್ಪ ಮರಗಳು ಮೇಲೆ ಬರುವಂತೆ ಮಾಡಿ, ಬಳ್ಳಿ ಇಲ್ಲದ ಆರನ್ನು ಆರಿಸಿ, ಪ್ರಿಂಟ್ ಒತ್ತಿದೆ. ಆರು ನಂಬರಿನ ಚೀಟಿ ಬಂತು. ನಮ್ಮ ತೋಟದ ಪದ್ಧತಿ ನಿನಗೆ ಗೊತ್ತು. ಕಡಿಯಬೇಕಾದ ಮರಕ್ಕೆ ನಾನೇ ಹೋಗಿ ಕೆಂಪು ಬಣ್ಣದ ಪಟ್ಟೆ ಎಳೆಯಬೇಕು. ಪಟ್ಟೆ ಇಲ್ಲದ ಮರಕ್ಕೆ ಕೊಡಲಿ ತಾಗಿದರೆ ತಾಗಿಸಿದವನು ಮಾರನೆಯ ದಿನ ಕೆಲಸಕ್ಕೆ ಬರುವಂತಿಲ್ಲ. ಪಟ್ಟೆ ಇರುವ ಮರದ ಬಗ್ಗೆ ಯಾರೂ ಪ್ರಶ್ನೆ ಕೇಳುವಂತಿಲ್ಲ. ಈ ಸಲವೂ ಪಟ್ಟೆ ಎಳೆದವಳು ನಾನು. ಚೀಟಿಯಲ್ಲಿದ್ದ ನಂಬರಿಗೆ ಎಳೆದೆ. ಅಷ್ಟೇ.

ಮರ ಕಡಿದ ದಿನ ಹನ್ನೊಂದು ಗಂಟೆಗೆ ನಾನು ವರಾಂಡದಲ್ಲಿ ಏಲಕ್ಕಿ ಬಿಡಿಸುತ್ತಿದ್ದೆ. ಕೆಲಸದಾಳುಗಳ ಲೈನ್ ಮನೆಯ ಮುದುಕಿ ದೊಡ್ಡಿ ಕೆಳಗಿನಿಂದ ಓಡುತ್ತಾ ಬಂದಳು. ನಿನ್ನನ್ನು ಎತ್ತಿ ಆಡಿಸಿದವಳು, ಆ ಸಲಿಗೆಯಿಂದ ಬಾಯಿಗೆ ಬೀಗ ಇಲ್ಲ. ಕೈಯಲ್ಲಿ ಒಂದು ಮಾರು ಉದ್ದದ ಮೆಣಸಿನ ಬಳ್ಳಿ. ಅದನ್ನು ನನ್ನ ಕಾಲ ಬಳಿ ಎಸೆದು, ‘ತಕ್ಕೊಳಿ, ಫೋಟೋ ತೆಗಿಸ್ಕಂಡಿದ್ರಲ್ಲ, ಮಾಲೆ ಹಾಕ್ಕಳಿ’ ಅಂದಳು. ಬೇರೆ ಯಾರಾದರೂ ಅಂದಿದ್ದರೆ ಗೇಟಿನ ಆಚೆ ಇರುತ್ತಿದ್ದರು. ಅವಳ ಕಣ್ಣಲ್ಲಿ ನೀರಿತ್ತು, ಬಿಟ್ಟೆ. ಬಿದ್ದ ಮರ ಬಳ್ಳಿಯನ್ನು ಬುಡಸಮೇತ ಸೀಳಿಕೊಂಡು ಹೋಗಿತ್ತು. ಚೂರುಗಳನ್ನೆಲ್ಲ ತರಿಸಿ ನಲವತ್ತು ಪ್ಯಾಕೆಟ್ಟಿನಲ್ಲಿ ಊರಿದೆ. ಆ ಬಿಸಿಲಿಗೆ ಒಂದೂ ಚಿಗುರಲಿಲ್ಲ.

ಆವತ್ತು ಫೋನಿನಲ್ಲಿ ನಿನಗೆ ಏನೇನು ಅಂದೆ ಎಂದು ಮತ್ತೆ ಬರೆಯುವುದಿಲ್ಲ. ನಿನಗೆ ನೆನಪಿರುತ್ತದೆ, ನನಗೂ ಇದೆ.

ಮೇ ಹನ್ನೊಂದರಂದು ಸಂಘದ ಸಭೆ. ಹತ್ತೊಂಬತ್ತು ಜನ ನಿನ್ನ ಪ್ರೋಗ್ರಾಮ್ ಹಾಕಿಸಿಕೊಳ್ಳಲು ಹೆಸರು ಕೊಟ್ಟಿದ್ದರು, ಅವತ್ತು ನೀನು ಅವರಿಗೆ ಮಾಡಿ ತೋರಿಸಬೇಕಿತ್ತು. ನೀನು ವಯರು ಜೋಡಿಸುತ್ತಿರುವಾಗಲೇ ನಾನು ಎದ್ದು ನಿಂತೆ. ಈ ಪ್ರೋಗ್ರಾಮು ನನ್ನ ಎಂಬತ್ತಮೂರನೇ ಮರವನ್ನು ತಿಂದಿತು, ನಿಮ್ಮದನ್ನೂ ತಿನ್ನುತ್ತದೆ, ಮಗಳು ಮಾಡಿದ್ದು ಎಂದು ನಾನು ಮುಚ್ಚಿಡುವವಳಲ್ಲ ಅಂದೆ. ಎಲ್ಲರೂ ಆಹಾ ಸುಮಿತ್ರಮ್ಮನವರ ನ್ಯಾಯವೇ ಎಂಬಂತೆ ತಲೆಯಾಡಿಸಿದರು. ಸಿದ್ದಬಸಪ್ಪ ಮಾತ್ರ ಶಾಲು ಸರಿಮಾಡಿಕೊಂಡು, ‘ಅಲ್ಲ ಅಕ್ಕಾ, ಮಿಷಿನ್ ತಪ್ಪು ಹೇಳ್ತು ಅಂತನೇ ಇಟ್ಕಳಣ. ಪಟ್ಟೆ ಎಳೆಯೋವಾಗ್ಲಾದ್ರೂ ನಿಮಗೆ ಬಳ್ಳಿ ಕಾಣ್ಲಿಲ್ವಾ? ಮೂವತ್ತಡಿ ಬಳ್ಳಿ! ನಂಗೊಂದು ತುಂಡು ಕೊಟ್ಟಿದ್ರೆ ಇವತ್ತು ನಮ್ಮನೇಲಾದ್ರೂ ಇರದು’ ಅಂದ. ಹಲ್ಲು ಕಿರಿಯುವುದಕ್ಕೆ ತುಂಡು ಕೊಡದ ದಿನದಿಂದ ಕಾಯುತ್ತಿದ್ದ ಮನುಷ್ಯ.

ನಾನು ಬಾಯಿ ತೆರೆಯುವ ಮೊದಲೇ ನೀನು ವಯರು ಕೆಳಗಿಟ್ಟು ಎದ್ದೆ. ‘ಅಮ್ಮನ್ನ ಕೇಳ್ಬೇಡಿ. ತಪ್ಪು ಪ್ರೋಗ್ರಾಮಿಂದು, ಅದನ್ನ ಬರೆದೋಳು ನಾನು’ ಅಂದೆ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಹತ್ತೊಂಬತ್ತು ಜನವೂ ಅಲ್ಲೇ ಹೆಸರು ವಾಪಸು ತೆಗೆದುಕೊಂಡರು. ಆಮೇಲೆ ಬೋಂಡ ಬಂತು, ಎಲ್ಲರೂ ತಿಂದರು.

ಇಷ್ಟು ನಿನಗೆ ಗೊತ್ತಿರುವುದು. ಇನ್ನು ಮುಂದಿನದು ಗೊತ್ತಿಲ್ಲದ್ದು.

ಕಳೆದ ಮಂಗಳವಾರ ಕೀರ್ತಿಕುಮಾರ್‌ನನ್ನು ಕರೆಸಿದೆ. ನಿನ್ನ ಅಂಗಡಿಯಲ್ಲಿ ನಿನ್ನ ಜೊತೆ ಪ್ರೋಗ್ರಾಮ್ ಬರೆಯುವ, ಇಬ್ಬರು ಮಕ್ಕಳ ತಂದೆಯಾದ, ಧೈರ್ಯವನ್ನೆಲ್ಲ ಮೀಸೆಯಲ್ಲೇ ಇಟ್ಟುಕೊಂಡಿರುವ ಅದೇ ಮನುಷ್ಯನನ್ನು. ಬಂದವನು ಮೆಟ್ಟಿಲ ಮೇಲೇ ನಿಂತು, ‘ಆಂಟೀ, ಅಕ್ಕ ಯಾರತ್ರನೂ ಮಾತಾಡ್ಬೇಡ ಅಂದವ್ರೆ’ ಅಂದ. ನಾನು ನಿನಗೆ ಆಂಟಿಯೂ ಅಲ್ಲ, ನಾನು ಯಾರೋ ಅಲ್ಲ, ಒಳಗೆ ಬಂದು ಕೂತು, ಆ ದಿನ ಏನಾಯಿತು ಎಂದು ನನಗೆ ಅರ್ಥವಾಗುವಂತೆ ಹೇಳು, ಅರ್ಥವಾಗುವ ತನಕ ಕಾಫಿ ಇಲ್ಲ ಅಂದೆ. ಒಂದೂವರೆ ಗಂಟೆ ಅವನಿಗೆ ಕಾಫಿ ಸಿಗಲಿಲ್ಲ. ನಿಮ್ಮ ಜನಕ್ಕೆ ಒಂದು ವಿಷಯವನ್ನು ಅದಿರುವಂತೆ ಹೇಳಲು ಬರುವುದಿಲ್ಲ. ಇಂಡೆಕ್ಸ್, ಡೇಟಾ ಸೋರ್ಸ್, ಬೈಂಡಿಂಗ್ ಎಂದು ಮಂತ್ರ ಹೇಳುತ್ತೀರಿ. ಕೊನೆಗೆ ನಾನೇ ಅವನನ್ನು ಉಗ್ರಾಣಕ್ಕೆ ಕರೆದುಕೊಂಡು ಹೋದೆ.

ಉಗ್ರಾಣದ ಹಲಗೆಯ ಮೇಲೆ ಏಳು ಡಬ್ಬಿ ಸಾಲಾಗಿವೆಯಲ್ಲ. ಉದ್ದು, ಮೆಂತ್ಯ, ಕಡಲೆ, ಸಾಸಿವೆ, ತೊಗರಿ, ಹೆಸರು, ಜೀರಿಗೆ. ಇದು ನಿಮ್ಮ ಅರೇ ಅಂದುಕೋ ಅಂದೆ. ಬಾಗಿಲಿಗೆ ನೇತುಹಾಕಿದ ಸ್ಲೇಟಿನ ಮೇಲೆ ಅದೇ ಕ್ರಮದಲ್ಲಿ ಏಳು ಹೆಸರು ಬರೆದೆ, ಇದು ನಿಮ್ಮ ಗ್ರಿಡ್ಡು. ಸ್ಲೇಟಿನಲ್ಲಿ ಎರಡನೆಯದು ಮೆಂತ್ಯ, ಹಲಗೆಯಲ್ಲೂ ಎರಡನೆಯದು ಮೆಂತ್ಯ. ಇಲ್ಲಿಯವರೆಗೆ ಸರಿಯೋ? ಸರಿ ಅಂದ. ಈಗ ಸ್ಲೇಟು ಅಳಿಸಿ, ದೊಡ್ಡ ಡಬ್ಬಿಯಿಂದ ಸಣ್ಣ ಡಬ್ಬಿಯ ಕ್ರಮಕ್ಕೆ ಬರೆಯುತ್ತೇನೆ, ಹಲಗೆಯ ಡಬ್ಬಿ ಮುಟ್ಟುವುದಿಲ್ಲ ಅಂದೆ. ಬರೆದೆ. ತೊಗರಿ ಎರಡನೆಯ ಜಾಗಕ್ಕೆ ಬಂತು. ಅಡುಗೆಯ ಚಲುವಮ್ಮನನ್ನು ಕರೆದು, ಸ್ಲೇಟಿನ ತೊಗರಿಯ ಮೇಲೆ ಬೆರಳಿಟ್ಟುಕೊಂಡು, ಇದು ಎಷ್ಟನೆಯದೋ ಹಲಗೆಯಿಂದ ಅಷ್ಟನೆಯ ಡಬ್ಬಿ ಇಳಿಸಿ ಒಲೆಗಿಡು ಅಂದೆ. ಅವಳಿಗೆ ಓದು ಬರುವುದಿಲ್ಲ, ಎಣಿಸಲು ಬರುತ್ತದೆ. ಎಣಿಸಿದಳು, ಎರಡನೆಯ ಡಬ್ಬಿ ಇಳಿಸಿದಳು, ಮುಚ್ಚಳ ತೆಗೆದು ಮೂಸಿದಳು. ‘ಸಾರಿಗೆ ಮೆಂತ್ಯ ಬೇಯ್ಸದಾ ಅಮ್ಮಾವ್ರೆ? ಮನೇಲಿ ಯಾರ್ದಾದ್ರೂ ಬಾಣಂತನ ಐತಾ, ನಂಗೇ ಗೊತ್ತಿಲ್ದಂಗೆ?’ ಅಂದಳು.

ಕೀರ್ತಿಕುಮಾರ್ ಚಪ್ಪಾಳೆ ತಟ್ಟಿಬಿಟ್ಟ. ‘ಇದೇ ಆಂಟೀ, ಇದೇ ಆಗಿದ್ದು!’

ತೆರೆಯ ಮೇಲೆ ದಪ್ಪದ ಕ್ರಮಕ್ಕೆ ಜೋಡಿಸಿದ್ದು ಒಂದು ನಕಲನ್ನು. ಗ್ರಿಡ್ಡಿಗೆ ಆ ನಕಲನ್ನು ಕಟ್ಟಿತ್ತು. ಪ್ರಿಂಟ್ ಗುಂಡಿ ಮಾತ್ರ ಹಳೆಯ ಸಾಲಿನಲ್ಲೇ ಎಣಿಸುತ್ತಿತ್ತು. ನಾನು ಬೆರಳಿಟ್ಟ ಮರ ಒಂದು, ಚೀಟಿಯಲ್ಲಿ ಬಂದ ಮರ ಇನ್ನೊಂದು. ಆರಕ್ಕೆ ಆರೂ ತಪ್ಪು. ಐದು ಮರಕ್ಕೆ ಬಳ್ಳಿ ಇರಲಿಲ್ಲವಾದ್ದರಿಂದ ಯಾರೂ ಅಳಲಿಲ್ಲ. ಹಾಗಾದರೆ ಎಷ್ಟನೆಯದು ಎಂದು ಯಾಕೆ ಕೇಳುತ್ತೀರಿ, ಯಾವ ಮರ ಎಂದು ಕೇಳಬೇಕಲ್ಲವೇ, ಆ ಗೆರೆಯಲ್ಲಿ ತಗಡಿನ ನಂಬರ್ ಇದೆಯಲ್ಲ, ಅದನ್ನೇ ಹಿಡಿದು ಹುಡುಕಿದರೆ ಯಾವ ಕ್ರಮಕ್ಕೆ ಜೋಡಿಸಿದರೇನು ಎಂದು ಕೇಳಿದೆ. ‘ಅಕ್ಕನೂ ಇದನ್ನೇ ಅಂದ್ರು’ ಅಂದ. ನಾನು ಆ ಕಾಲದ ಎಸ್ಸೆಸ್ಸೆಲ್ಸಿ. ಆಗ ಪಾಸಾಗುವುದು ಎಂದರೆ ಹೀಗೆ ಹಿಡಿದವರಿಗೆಲ್ಲ ಸಿಗುತ್ತಿರಲಿಲ್ಲ. ಅವನಿಗೆ ಕಾಫಿ ಕೊಡಿಸಿದೆ.

ಈಗ ಕಷ್ಟದ ಭಾಗ. ನೇರವಾಗಿ ಬರೆಯುತ್ತೇನೆ.

ನೀನು ಕೊಟ್ಟ ಪ್ರೋಗ್ರಾಮಿನಲ್ಲಿ ದಪ್ಪದ ಕ್ರಮಕ್ಕೆ ಜೋಡಿಸುವುದು ಇರಲೇ ಇಲ್ಲ. ಗ್ರಿಡ್ಡಿನ ಮೇಲುಗಡೆ ಸುತ್ತಳತೆ ಎಂದಿರುವ ತಲೆಬರಹವನ್ನು ನಾನು ಎಷ್ಟು ಒತ್ತಿದರೂ ಗ್ರಿಡ್ಡು ಕದಲುತ್ತಿರಲಿಲ್ಲ. ಸಂಕ್ರಾಂತಿಗೆ ಬಂದಾಗ ನಿನ್ನನ್ನು ಹಂಗಿಸಿದೆ, ಒಬ್ಬ ಹೈಸ್ಕೂಲ್ ಹುಡುಗಿಗೆ ಪಟ್ಟಿ ಕೊಟ್ಟರೆ ಜೋಡಿಸುತ್ತಾಳೆ, ಇದೇನು ನಿನ್ನ ವಿದ್ಯೆ ಎಂದು. ನೀನು ತಾಳ್ಮೆಯಿಂದಲೇ ಹೇಳಿದೆ. ‘ಬರೀ ಅರೇ ಕಟ್ಟಿದ್ರೆ ಗ್ರಿಡ್ಡು ತಾನಾಗಿ ಜೋಡ್ಸಲ್ಲ ಅಮ್ಮ. ಮಾಡ್ಕೊಡ್ತೀನಿ, ಸ್ವಲ್ಪ ಸಮಯ ಕೊಡು. ಅರ್ಧಂಬರ್ಧ ಮಾಡಿದ್ರೆ ತಪ್ಪು ಮರ ಬರುತ್ತೆ.’ ತಪ್ಪು ಮರ ಬರುತ್ತೆ ಎಂಬ ಮೂರು ಮಾತನ್ನೂ ಅಂದೆ. ನನ್ನ ಕಿವಿಗೆ ಬಿದ್ದಿತ್ತು.

ಮಾರ್ಚಿನಲ್ಲಿ ನೀನು ಮೈಸೂರಿಗೆ ಗಂಡನ ಮನೆಯವರ ಗೃಹಪ್ರವೇಶಕ್ಕೆ ಹೋಗಿದ್ದಾಗ ನಾನು ಅಂಗಡಿಗೆ ಫೋನ್ ಮಾಡಿ ಕೀರ್ತಿಕುಮಾರ್‌ನನ್ನು ಹಿಡಿದೆ. ಅಕ್ಕನನ್ನು ಕೇಳಬೇಕು ಅಂದ. ನಿಮ್ಮ ಅಕ್ಕನನ್ನು ಹೆತ್ತವಳು ಹೇಳುತ್ತಿದ್ದೇನೆ, ಸಾಲದೇ ಅಂದೆ. ಒಂದು ಸಣ್ಣ ಕೆಲಸ ಬಾರದವನು ಮೀಸೆ ಯಾಕೆ ಬಿಟ್ಟೆ ಎಂದೂ ಅಂದೆ. ಮಾರನೆಯ ದಿನ ಬೈಕಿನಲ್ಲಿ ಬಂದು, ಅರ್ಧ ಗಂಟೆಯಲ್ಲಿ ಏನೋ ಸೇರಿಸಿಕೊಟ್ಟು, ಬೈಗುಳ ತಪ್ಪಿತಲ್ಲ ಎಂದು ಓಡಿದ. ಆ ತಲೆಬರಹ ಒತ್ತಿದೆ, ದಪ್ಪ ಮರಗಳು ಮೇಲೆ ಬಂದವು. ನೋಡಿದೆಯಾ, ಮಗಳು ಎರಡು ತಿಂಗಳು ಎಳೆದದ್ದನ್ನು ನಾನು ಒಂದು ಫೋನಿನಲ್ಲಿ ಮಾಡಿಸಿದೆ ಎಂದು ಬೀಗಿದೆ. ಅಂಥ ಬೀಗುವ ಹೆಂಗಸು ಬೇರೆ ಯಾರ ಮನೆಯಲ್ಲಾದರೂ ಇದ್ದಿದ್ದರೆ ನಾನೇ ಎಷ್ಟು ಆಡಿಕೊಳ್ಳುತ್ತಿದ್ದೆನೋ.

ಮರ ಬಿದ್ದ ಮಾರನೆಯ ದಿನವೇ ಅವನು ನಿನಗೆ ಎಲ್ಲ ಹೇಳಿದ್ದನಂತೆ. ಅಂದರೆ ಮೇ ಹನ್ನೊಂದಕ್ಕೆ ನೀನು ಸಭೆಗೆ ಬಂದಾಗ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದು ನಿಂತು, ಬರೆದೋಳು ನಾನು ಅಂದೆ. ನನಗೆ ಆ ಕೆಲಸ ಹಿಡಿಸಲಿಲ್ಲ, ಅಮೃತಾ. ತಾಯಿಯನ್ನು ನಾಲ್ಕು ಜನರ ಮುಂದೆ ಹಾಗೆ ಕಾಪಾಡುವುದು, ಅವಳಿಗೆ ನಿಜ ಹೊರುವ ತಾಕತ್ತಿಲ್ಲ ಎಂದು ಹೇಳಿದ ಹಾಗೆ. ನಾನು ಹೊತ್ತ ಭಾರಗಳು ನಿನಗೆ ಗೊತ್ತಿಲ್ಲ. ನಮ್ಮ ಅಮ್ಮನೇ ಮಾಡಿಸಿದ್ದು ಎಂದು ನೀನು ಅಲ್ಲೇ ಅನ್ನಬೇಕಿತ್ತು. ನಾನು ಬೈಯುತ್ತಿದ್ದೆ, ಒಂದು ತಿಂಗಳು ಮಾತು ಬಿಡುತ್ತಿದ್ದೆ, ಆಮೇಲೆ ಎಲ್ಲ ಸರಿಹೋಗುತ್ತಿತ್ತು. ಈಗ ನೋಡು, ತಿಂಗಳು ಕಳೆಯಿತು, ಮಾತು ಬಿಟ್ಟವಳು ನೀನು.

ಈ ತಿಂಗಳ ಇಪ್ಪತ್ತೆರಡು, ಶನಿವಾರ, ಸಂಘದ ಸಭೆ ಮತ್ತೆ ಇದೆ. ನಾನು ಮಾತಾಡುವುದಿದೆ ಎಂದು ಸಿದ್ದಬಸಪ್ಪನಿಗೆ ತಿಳಿಸಿದ್ದೇನೆ. ‘ಏನ್ ವಿಷ್ಯ ಅಕ್ಕಾ?’ ಎಂದ, ಹೆದರಿಕೊಂಡು. ನಿನ್ನ ಕುರ್ಚಿ ನನಗೆ ಬೇಡ, ಅದರಲ್ಲಿ ತಿಗಣೆ ಇರಬಹುದು ಅಂದೆ. ಮಗಳು ಬೇಡ ಅಂದದ್ದನ್ನು ಅವಳ ಬೆನ್ನ ಹಿಂದೆ ಮಾಡಿಸಿದವಳು ನಾನು, ಅವಳು ಬರೆದ ಪ್ರೋಗ್ರಾಮು ಅವಳು ಬರೆದಂತೆ ಇದ್ದಷ್ಟು ದಿನ ಒಂದು ತಪ್ಪು ಚೀಟಿ ಕೊಟ್ಟಿಲ್ಲ ಎಂದು ಎದ್ದು ನಿಂತು ಹೇಳುತ್ತೇನೆ. ಬೇಕಾದರೆ ಏಳು ಡಬ್ಬಿ, ಸ್ಲೇಟು, ಚಲುವಮ್ಮ ಮೂವರನ್ನೂ ಜೀಪಿನಲ್ಲಿ ಹಾಕಿಕೊಂಡು ಹೋಗಿ ಮಾಡಿ ತೋರಿಸುತ್ತೇನೆ. ಆ ಹತ್ತೊಂಬತ್ತು ತಲೆಗಳಿಗೆ ಅದಿಲ್ಲದೆ ಇಳಿಯುವುದಿಲ್ಲ. ಅವರು ಮತ್ತೆ ಹೆಸರು ಕೊಡುತ್ತಾರೋ ಇಲ್ಲವೋ ನನಗೆ ತಿಳಿಯದು. ಕೊಡದಿದ್ದರೆ ಅವರ ಮರಗಳ ಹಣೆಬರಹ. ಆದರೆ ನಿನ್ನ ಕೆಲಸ ಕೆಟ್ಟದ್ದು ಎಂದು ನನ್ನ ಬಾಯಿಂದ ಹೊರಟ ಮಾತು ನನ್ನ ಬಾಯಿಂದಲೇ ವಾಪಸು ಬರಬೇಕು.

ನೀನು ಮಾಡಬೇಕಾದದ್ದು ಇಷ್ಟು. ಹೋಟೆಲಿನವರಿಗೆ ಬರುವುದಿಲ್ಲ ಎಂದು ತಿಳಿಸು. ಬೋರ್ಡು ಮೇಲಕ್ಕೆ ಹಾಕಿಸು. ಜೋಡಿಸುವುದನ್ನು ನಿನಗೆ ಸರಿ ಕಂಡಷ್ಟು ಸಮಯ ತೆಗೆದುಕೊಂಡು, ಸರಿಯಾಗಿ ಬರೆ. ನಾನು ಫೋನ್ ಮಾಡಿ ಅವಸರ ಮಾಡುವುದಿಲ್ಲ. ಕೀರ್ತಿಕುಮಾರ್‌ನನ್ನು ಕೆಲಸದಿಂದ ತೆಗೆಯಬೇಡ, ನನ್ನ ಮುಂದೆ ನಿಂತು ಇಲ್ಲ ಅನ್ನಲು ಈ ಹೋಬಳಿಯಲ್ಲಿ ಯಾರಿಗೂ ಬಾರದು, ಅವನೊಬ್ಬನನ್ನೇ ದೂರಿ ಫಲವಿಲ್ಲ. ನಿನಗೊಬ್ಬಳಿಗೆ ಬರುತ್ತಿತ್ತು. ಆ ಅಭ್ಯಾಸ ಬಿಡಬೇಡ.

ಕ್ಷಮೆ ಕೇಳುವುದು ನನಗೆ ರೂಢಿಯಿಲ್ಲ. ಈ ವಯಸ್ಸಿಗೆ ಹೊಸದಾಗಿ ಕಲಿತರೆ ಅದೂ ಅರ್ಧಂಬರ್ಧ ಆಗುತ್ತದೆ. ಸಭೆಗೆ ನೀನು ಬರಬೇಕೆಂದು ನಾನು ಹೇಳುವುದಿಲ್ಲ. ಬಂದರೆ ಮುಂದಿನ ಸಾಲಿನಲ್ಲಿ ಕೂರಬೇಡ, ನಿನ್ನ ಮುಖ ಕಂಡರೆ ನನಗೆ ಹೇಳಬೇಕಾದದ್ದು ಹೇಳಲಾಗುವುದಿಲ್ಲ.

ಇಲ್ಲಿ ಎಲ್ಲ ಕ್ಷೇಮ. ನಾಗಾರ್ಜುನನಿಗೆ ಆಶೀರ್ವಾದ ತಿಳಿಸು, ಸ್ನಾನದ ಸುಳ್ಳನ್ನು ಮನ್ನಿಸಿದ್ದೇನೆ ಎಂದೂ ಹೇಳು.

ನಿನ್ನ ತಾಯಿ,
ಸುಮಿತ್ರಮ್ಮ

ಕವರಿಗೆ ಅಂಟು ಹಚ್ಚಿ ಆಗಿತ್ತು. ಬಿಚ್ಚಿ ಬರೆಯುತ್ತಿದ್ದೇನೆ.

ಪಟ್ಟೆ ಎಳೆದವಳು ನಾನು ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಕೆಳಗಿನ ಬ್ಲಾಕಿಗೆ ನಾನು ಇಳಿದು ಎರಡು ವರ್ಷವಾಯಿತು. ಮಂಡಿ ಇಳಿಯಲು ಬಿಡುತ್ತದೆ, ಹತ್ತಲು ಬಿಡುವುದಿಲ್ಲ. ಬಣ್ಣದ ಡಬ್ಬಿ ಒಯ್ಯುವವನು ತೋಟದ ಲೆಕ್ಕ ಬರೆಯುವ ರೈಟರ್ ನಾಗರಾಜು, ಯಾರಿಗೂ ಬಾಯಿ ಬಿಡಬಾರದೆಂದು ಅವನಿಂದ ಆಣೆ ಹಾಕಿಸಿಕೊಂಡಿದ್ದೇನೆ. ಯುಗಾದಿಗೆ ಬಂದಾಗ ನೀನು ಮೆಟ್ಟಿಲ ಹತ್ತಿರ ನನ್ನ ಚಪ್ಪಲಿ ಎತ್ತಿ ನೋಡಿದ್ದನ್ನು ನಾನು ಕಿಟಕಿಯಿಂದ ಕಂಡೆ. ತೋಟದ ಮಣ್ಣಿನ ಒಂದು ಕಣವೂ ಇಲ್ಲದ ಚಪ್ಪಲಿ. ಹಾಗಾಗಿ ಸಿದ್ದಬಸಪ್ಪ ಪಟ್ಟೆಯ ಮಾತೆತ್ತಿದಾಗ ನೀನು ಯಾಕೆ ಅಷ್ಟು ಅವಸರದಿಂದ ಎದ್ದೆ ಎಂದು ನನಗೆ ಗೊತ್ತು.

ನಿನಗೆ ಗೊತ್ತಿಲ್ಲದ್ದು ಒಂದು ಉಳಿದಿದೆ. ಅದನ್ನೂ ಇಪ್ಪತ್ತೆರಡಕ್ಕೆ ಹೇಳುತ್ತೇನೆ, ಅವರಿಗಿಂತ ಮೊದಲು ನೀನು ಓದು. ಆ ದಿನ ನಾಗರಾಜು ಐದು ಮರಕ್ಕೆ ಪಟ್ಟೆ ಎಳೆದು, ಆರನೆಯದಕ್ಕೆ ಎಳೆಯದೆ, ಬ್ರಷ್ಷು ಹಿಡಿದುಕೊಂಡೇ ಏದುಸಿರು ಬಿಡುತ್ತಾ ಮೇಲೆ ಹತ್ತಿ ಬಂದಿದ್ದ. ‘ಅಮ್ಮಾವ್ರೆ, ಚೀಟೀಲಿ ಒಂದ್ ನಂಬರ್ ಸರಿ ಇದ್ದಂಗಿಲ್ಲ, ನೀವೊಂದ್ಸಲ ನೋಡ್ಬುಡಿ’ ಎಂದು ಚೀಟಿ ಚಾಚಿದ. ನಾನು ಅದನ್ನು ಕೈಯಲ್ಲಿ ಮುಟ್ಟಲಿಲ್ಲ. ಯಾವ ನಂಬರ್ ಎಂದೂ ಕೇಳಲಿಲ್ಲ. ವರಾಂಡದಲ್ಲಿ ಇನ್ನೂ ಇಬ್ಬರು ಕೂತಿದ್ದರು, ಅವರಿಗೂ ಕೇಳಿಸುವಂತೆ, ‘ಅದು ನನ್ನ ಮಗಳು ಬರೆದಿರೋದು ಕಣೋ. ಅದರಲ್ಲಿ ತಪ್ಪು ಬರಲ್ಲ. ಹೋಗಿ ಪಟ್ಟೆ ಎಳಿ’ ಅಂದೆ.